ಬ್ಯಾಟರಿಗೆ ಉಪ್ಪು ಹಾಕಿದವರು

ದುರುಗವ್ವ ಅಳುವುದನ್ನೆಲ್ಲ ಬಸ್ಸಿನಲ್ಲೇ ಅತ್ತು ಮುಗಿಸಿ ಬಂದಿದ್ದಳು. ಅಂಗಡಿಯ ಕಟ್ಟೆ ಹತ್ತುವಾಗ ಅವಳ ಮುಖದಲ್ಲಿ ಉಳಿದಿದ್ದದ್ದು ಸಿಟ್ಟೊಂದೇ.

"ರಾಜಾಬೀ ಅಕ್ಕಾ, ನಿನ್ನೆ ಗೌಡ ನನ್ನ ಗಂಡಗ ಊರ ಮಂದಿ ಮುಂದ ಕಪಾಳಕ್ಕ ಹೊಡೆದಾನ. ಬ್ಯಾಟರಿಗೆ ಉಪ್ಪು ಹಾಕಿ ಟ್ರ್ಯಾಕ್ಟರ್ ಕೆಡಿಸ್ಯಾನಂತ. ಲೈಸೆನ್ಸ್ ಕಸಗೊಂಡಾನ. ಸಂಜಿಗೆ ಪೊಲೀಸ್ರಿಗೆ ಒಪ್ಪಸ್ತೀನಿ ಅಂತಾನ. ಲೈಸೆನ್ಸ್ ಹೋದ್ರ ಇನ್ನ ಯಾರ ಗಾಡಿ ಹತ್ತಬೇಕ್ರಿ ಅಂವ?"

ಎಂಬತ್ತೆರಡನೇ ಇಸವಿಯ ಬನ್ನಿ ಹಬ್ಬ ಮುಗಿದು ಒಂಬತ್ತು ದಿನವಾಗಿತ್ತು. ಯಲಬುರ್ಗಾ ಬಸ್ ನಿಲ್ದಾಣದ ಹಿಂದೆ ರಾಜಾಬೀಯ ಬ್ಯಾಟರಿ ಚಾರ್ಜಿಂಗ್ ಅಂಗಡಿ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಕೆಟ್ಟ ತಂತಿ ಹುಡುಕುವಷ್ಟೇ ಸಲೀಸಾಗಿ ಕೆಟ್ಟ ಮನುಷ್ಯರನ್ನೂ ಹುಡುಕುತ್ತಾಳೆಂದು ಕುಷ್ಟಗಿಯವರೆಗೆ ಹೆಸರಾಗಿತ್ತು. ನಿವೃತ್ತ ಶಾಲಾ ಮಾಸ್ತರ ಯಂಕೋಬ ದಿನಾ ಅಲ್ಲಿ ಪೇಪರ್ ಓದಲು ಬಂದು ಕೂರುತ್ತಿದ್ದರು. ಇಂಥ ಸಂಗತಿ ಬಂದಾಗ ಅವಳ ಚೀಲ ಹೊತ್ತು ಹೋಗುವವರೂ ಅವರೇ. ಅವರ ಮೂಗಿನ ತುದಿಯಲ್ಲೇ ಕೋಪ. ದುರುಗವ್ವನ ಮಾತು ಕೇಳಿ ಅವರ ಮೈ ಉರಿಯಿತು.

"ವಿಚಾರಣಿ ಇಲ್ಲ, ಏನಿಲ್ಲ, ನೇರ ಕಪಾಳಕ್ಕ!" ಎಂದು ಪೇಪರ್ ಎಸೆದರು.

ರಾಜಾಬೀ ಮೂಲೆಯಲ್ಲಿದ್ದ ಬ್ಯಾಟರಿಯ ಮುಚ್ಚಳ ತೆಗೆದಳು. ಅದು ಆ ಟ್ರ್ಯಾಕ್ಟರಿನದೇ. ಹಬ್ಬದ ನಂತರ ಎರಡನೇ ಸಲ ಚಾರ್ಜಿಗೆಂದು ಬಂದು ನಾಲ್ಕು ದಿನದಿಂದ ಅಲ್ಲೇ ಇತ್ತು. ಗಾಜಿನ ಪಿಚಕಾರಿಯಿಂದ ಒಳಗಿನ ನೀರು ಎಳೆದು, ಅದರಲ್ಲಿ ತೇಲುವ ಬುರುಡೆಯನ್ನು ಬೆಳಕಿಗೆ ಹಿಡಿದಳು. ಆರೂ ಕೋಣೆಗಳಲ್ಲಿ ಬುರುಡೆ ಸರಿಯಾಗಿ ಮೇಲೆ ತೇಲಿತು; ಚಾರ್ಜ್ ಇಳಿದಿರಲಿಲ್ಲ.

"ಮಾಸ್ತರ, ಕೊಡಕ್ಕ ತೂತಿಲ್ಲ. ನಾಲ್ಕು ದಿನ ಆದ್ರೂ ತುಂಬಿದ್ದು ತುಂಬಿದಂಗ ಐತಿ. ಹಂಗಾರ ಬಾವಿಯಿಂದ ನೀರು ಬರವಲ್ದು, ಟ್ರ್ಯಾಕ್ಟರ್ ಚಾರ್ಜ್ ಕೊಡವಲ್ದು," ಎಂದಳು. "ದುರುಗವ್ವಾ, ಬ್ಯಾಟರಿ ಮ್ಯಾಲ ಹೊಸ ಬಣ್ಣ ಸಿಡಿದೈತಿ. ಟ್ರ್ಯಾಕ್ಟರಿಗೆ ಬಣ್ಣ ಬಳಿದಾಗ ನಿನ್ನ ಗಂಡ ಎಲ್ಲಿದ್ದ?"

"ಹಬ್ಬದ ಹಿಂದಿನ ದಿನಾನ ಗೌಡ ಮನಿಗೆ ಕಳಿಸಿದ್ನ್ರಿ. ಆಯುಧದ ಖಂಡೇಪೂಜೆಗಂತ ತಾನ ಕೈಯಾರೆ ಬಣ್ಣ ಬಳಿದಾನ. ಇಂವ ತಿರುಗಿ ಹೋಗೂದ್ರಾಗ ಬೋಲ್ಟ್ ಬಿಚ್ಚೂ ಪಾನಾ ಚೀಲ ಗೌಡನ ಕಪಾಟಿನ್ಯಾಗ. ಹೊಸ ಬಣ್ಣ ಕೆಡತೈತಿ, ಯಾರೂ ಬಿಚ್ಚಬ್ಯಾಡ್ರಿ ಅಂದ್ನಂತ. ಇಂವ ಮೂರು ಸಲ ಕೇಳಿದ್ರೂ ಕೊಡಲಿಲ್ಲ."

ಬ್ಯಾಟರಿಯನ್ನು ಬೇವೂರಿನ ಬಸ್ಸಿನ ಮೇಲೆ ಹೇರುವಾಗ ಕಂಡಕ್ಟರ್ ಗೊಣಗಿದ. ಮಾಸ್ತರರು ಅವನ ಮೇಲೂ ಹರಿಹಾಯ್ದರು. ಹಿಂಗಾರಿ ಬಿತ್ತನೆಯ ಕಾಲ. ಕಿಟಕಿಯಾಚೆ ಎರೆಹೊಲಗಳಲ್ಲಿ ಎತ್ತುಗಳು ಸಾಲು ಹಿಡಿದಿದ್ದವು. ಬಿತ್ತಲು ಮಣ್ಣಿನ ಹಸಿ ಇನ್ನು ನಾಲ್ಕೈದು ದಿನ ಉಳಿದರೆ ಹೆಚ್ಚು.

ಬೇವೂರಿನಲ್ಲಿ ವಿರುಪಣ್ಣ ಗೌಡನ ಮನೆ ಮುಂದೆ ಮಂದಿ ಆಗಲೇ ಸೇರಿದ್ದರು. ಕೊಟ್ಟಿಗೆಯಲ್ಲಿ ಕೆಂಪು ಬಣ್ಣದ ಟ್ರ್ಯಾಕ್ಟರು ಮದುವಣಗಿತ್ತಿಯಂತೆ ಮಿರುಗುತ್ತಿತ್ತು. ಅದರ ಪಕ್ಕದಲ್ಲಿ ದುರುಗವ್ವನ ಗಂಡ ಅಯ್ಯಪ್ಪ ಊದಿದ ಕೆನ್ನೆಯೊಂದಿಗೆ ತಲೆ ತಗ್ಗಿಸಿ ನಿಂತಿದ್ದ. ಆ ಕೆನ್ನೆ ನೋಡಿದ ಮೇಲೆ ಗೌಡನ ಮುಖ ನೋಡುವುದೇ ಮಾಸ್ತರರಿಗೆ ಕಷ್ಟವಾಯಿತು. ಹೊಸ ಅಂಗಿ ತೊಟ್ಟು ಸೀಟಿನ ಬಳಿ ನಿಂತವನು ಹುಲಗಪ್ಪ, ಗೌಡನ ಹೆಂಡತಿ ಭೀಮಕ್ಕನ ತಮ್ಮ. ಹಬ್ಬದ ದಿನ ಬೆಳಿಗ್ಗೆ ಕುಷ್ಟಗಿಗೆ ಹೋದವನು ನಿನ್ನೆ ರಾತ್ರಿ ತಿರುಗಿ ಬಂದಿದ್ದ. ನಾಳೆಯಿಂದ ಡ್ರೈವರ್ ಅವನೇ ಎಂದು ಯಾರೋ ಹೇಳಿದರು. ಮಾಡಿದವನು ಇವನೇ ಎಂದು ಮಾಸ್ತರರು ಮನಸ್ಸಿನಲ್ಲೇ ತೀರ್ಪು ಕೊಟ್ಟರು.

"ಎಂಟು ವರ್ಷ ಉಂಡ ಮನಿಗೆ ಎರಡು ಬಗದಾನ," ಎಂದು ಗೌಡ ಬ್ಯಾಟರಿ ಕಟ್ಟುವ ತಂತಿಯ ಹಿಡಿಕೆ ತೋರಿಸಿದ. ಅದರ ಸುತ್ತ ಬಿಳಿ ಪುಡಿ ಹೆಪ್ಪುಗಟ್ಟಿತ್ತು. "ನೋಡ್ರಿ ಉಪ್ಪು. ಕಣ್ಣಿಗೆ ಕಾಣಸ್ತೈತಿ."

"ಭೀಮಕ್ಕಾರ, ಒಂದಿಷ್ಟು ಕೆಂಡ, ಒಂದು ಚಿಟಿಕಿ ಉಪ್ಪು ತರ್ರಿ," ಎಂದಳು ರಾಜಾಬೀ.

ದೃಷ್ಟಿ ತೆಗೆದ ಉಪ್ಪು ಬೆಂಕಿಗೆ ಬಿದ್ದರೆ ಹೇಗೆ ಸಿಡಿಯುತ್ತದೆಂದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತು. ಅಡುಗೆಮನೆಯ ಉಪ್ಪು ಕೆಂಡದ ಮೇಲೆ ಚಟಪಟ ಎಂದಿತು. ಹಿಡಿಕೆಯಿಂದ ಕೆರೆದ ಪುಡಿ ತೆಪ್ಪಗೆ ಬಿದ್ದುಕೊಂಡಿತು.

"ಇದು ಬ್ಯಾಟರಿ ತಾನ ಉಗುಳೂ ಪುಡಿ. ಎಲ್ಲಾ ಬ್ಯಾಟರಿಗೂ ಬರತೈತಿ. ನನ್ನ ಅಂಗಡ್ಯಾಗ ದಿನಾ ಬುಟ್ಟಿಗಟ್ಟಲೆ ಕೆರೀತೀನಿ."

ಅವಳು ತಂದ ಬ್ಯಾಟರಿಯನ್ನು ಕೂಡಿಸಿ ಅಯ್ಯಪ್ಪ ಎಂಜಿನ್ ಚಾಲೂ ಮಾಡಿದ. ಬ್ಯಾಟರಿಗೆ ಚಾರ್ಜ್ ಹೋಗುವುದನ್ನು ತೋರಿಸುವ ಆಂಪಿಯರ್ ಮುಳ್ಳು ಸತ್ತಂತೆ ನಿಂತಿತ್ತು. ರಾಜಾಬೀ ಚೀಲದಿಂದ ತಂತಿಯ ತುಂಡು ತೆಗೆದಳು. ಡೈನಮೊದ ಕರೆಂಟನ್ನು ಬ್ಯಾಟರಿಗೆ ಕಳಿಸುವ ಕಟೌಟ್ ಪೆಟ್ಟಿಗೆಗೆ ಅದರ ಒಂದು ತುದಿ ಮುಟ್ಟಿಸಿ, ಇನ್ನೊಂದನ್ನು ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಒತ್ತಿದಳು. ಮುಳ್ಳು ಬಲಕ್ಕೆ ಜಿಗಿಯಿತು. ತಂತಿ ತೆಗೆದಳು, ಮುಳ್ಳು ಬಿತ್ತು. ಮಂದಿಯಲ್ಲಿ ಗುಜುಗುಜು ಎದ್ದಿತು.

"ಪೆಟಗಿ ಕಬ್ಬಿಣಕ್ಕ ಕಬ್ಬಿಣ ತಾಗಿ ಕುಂದರಬೇಕು. ನಡುವ ಬಣ್ಣ ಬಂದ್ರ ಕರೆಂಟ್ ದಾಟಂಗಿಲ್ಲ. ಗೌಡ್ರು ಹಬ್ಬದ ಹುರುಪಿಗೆ ಪೆಟಗಿ ಬಿಚ್ಚಿ ಹಿಂದ ಬಳಿದು, ಕೂಡಿಸಿ, ಬೋಲ್ಟಿನ ಮ್ಯಾಲೂ ಬಳಿದಾರ."

ಗೌಡ ನಕ್ಕ. "ಹಂಗಾರ ಗೊತ್ತಿಲ್ಲದ ಆದ ತಪ್ಪು. ಆತು ಬಿಡವಾ, ನಡಿ."

"ನಿಂದರ್ರಿ. ಮುಗಿದಿಲ್ಲ." ರಾಜಾಬೀಯ ದನಿ ಏರಲಿಲ್ಲ. "ಟ್ರ್ಯಾಕ್ಟರಿನ ಎಲ್ಲಾ ಬೋಲ್ಟಿನ ಮ್ಯಾಲೂ ಬಣ್ಣ ಗಟ್ಟ್ಯಾಗಿ ಕುಂತೈತಿ. ಈ ಪೆಟಗಿ ನಾಲ್ಕು ಬೋಲ್ಟಿಂದು ಮಾತ್ರ ಒಡದೈತಿ. ಅಂದ್ರ ಬಣ್ಣ ಒಣಗಿದ ಮ್ಯಾಲ ಯಾರೋ ಮತ್ತ ಬಿಚ್ಚ್ಯಾರ."

"ಹುಲಗಪ್ಪ," ಎಂದರು ಮಾಸ್ತರರು, ತಡೆಯಲಾರದೆ.

"ಅಲ್ರಿ ಮಾಸ್ತರ. ಒಡದ ಬಣ್ಣದ ಸಂದ್ಯಾಗ ಹೊಲದ ಎರಿಮಣ್ಣು ತುಂಬೈತಿ ನೋಡ್ರಿ. ಟ್ರ್ಯಾಕ್ಟರ್ ಕಡೀ ಸಲ ಹೊಲಕ್ಕ ಹೋಗಿ ನಾಲ್ಕು ದಿನ ಆತು. ಅದಕ್ಕೂ ಮೊದಲ ಬಿಚ್ಚ್ಯಾರ. ಆವಾಗ ಹುಲಗಪ್ಪ ಕುಷ್ಟಗ್ಯಾಗ ಇದ್ದ. ಅಯ್ಯಪ್ಪನ ಕೈಯಾಗ ಪಾನಾನ ಇರಲಿಲ್ಲ. ಪಾನಾ ಇದ್ದದ್ದು ಯಾರ ಕಪಾಟಿನ್ಯಾಗ?"

ಎಲ್ಲರೂ ಗೌಡನ ಕಡೆ ತಿರುಗಿದರು. ಎಂಜಿನ್ ಬಂದ್ ಮಾಡಿಸಿ, ತನ್ನದೇ ಪಾನಾದಿಂದ ರಾಜಾಬೀ ಪೆಟ್ಟಿಗೆ ಬಿಚ್ಚಿದಳು. ಹಿಂದಿನ ಕೆಂಪು ಬಣ್ಣದಲ್ಲಿ ಒಂದು ಮೂಲೆ ತಗ್ಗಾಗಿತ್ತು. ಅಲ್ಲಿ ಕಬ್ಬಿಣ ಕಾಣುವವರೆಗೆ ಕೆರೆದು, ಅದರ ಮೇಲೆ ಮತ್ತೆ ಬಣ್ಣ ಮೆತ್ತಿದ್ದರು. ಅವಳು ಉಗುರಿನಿಂದ ಒತ್ತಿದಾಗ ಆ ಬಣ್ಣ ಇನ್ನೂ ಮೆತ್ತಗಿತ್ತು.

"ರೋಗ ಎಲ್ಲೈತಿ ಅಂತ ನಿಮಗ ತಿಳಿದಿತ್ರಿ ಗೌಡ್ರ. ಕೆರೆದು ನೋಡೀರಿ, ಮುಳ್ಳು ಎದ್ದೈತಿ. ಮತ್ತ ಬಳಿದು ಮುಚ್ಚೀರಿ. ಅಯ್ಯಪ್ಪನ್ನ ಹೊರಗ ಹಾಕಿದ ಮ್ಯಾಲ ಕೆರೆಯೋಣಂತ. ಆಗ ಊರು ಏನಂತಿತ್ತು? ಕಳ್ಳ ಹೋದ, ಟ್ರ್ಯಾಕ್ಟರ್ ಛಲೋ ಆತು."

"ಎಂಟು ವರ್ಷದ ಆಳನ್ನ ಕಾರಣ ಇಲ್ಲದ ಬಿಡಸಾಕ ಬರ್ತದೇನವಾ?" ಎಂದು ಗೌಡ ಗದರಿದ. ಬಾಯಿಂದ ಏನು ಬಿತ್ತೆಂದು ತಿಳಿದು ತುಟಿ ಕಚ್ಚಿಕೊಂಡ.

ಭೀಮಕ್ಕ ಬಾಗಿಲು ಬಿಟ್ಟು ಅಂಗಳಕ್ಕಿಳಿದಳು. "ನಾ ಕೇಳಿದ್ದು ನನ್ನ ತಮ್ಮಗೊಂದು ಕೆಲಸ. ಈ ಅಯ್ಯಪ್ಪನ ಅನ್ನ ಕೇಳಿರಲಿಲ್ಲ," ಎಂದು ಗಂಡನ ಕಡೆ ನೋಡದೆ ಒಳಗೆ ಹೋದಳು.

ಮಾಸ್ತರರು ಗೌಡನ ಎದುರಿಗೆ ಬಂದರು. ಗೊತ್ತಿಲ್ಲದೆ ಹೊಡೆದಿದ್ದರೆ ಅದು ಬರೀ ದುಡುಕು. ಈತ ಎಲ್ಲ ಗೊತ್ತಿದ್ದೇ ಕೈ ಎತ್ತಿದ್ದ. "ಗೌಡ್ರ, ಲೈಸೆನ್ಸ್ ತೆಗೀರಿ. ನಿನ್ನೆ ಯಾರ್ಯಾರು ಹೊಡೆತ ನೋಡ್ಯಾರ, ಎಲ್ಲಾರೂ ಇಲ್ಲೇ ಅದಾರ," ಎಂದರು.

ಗೌಡ ಕಿಸೆಯಿಂದ ಲೈಸೆನ್ಸ್ ತೆಗೆದು ಟ್ರ್ಯಾಕ್ಟರಿನ ಮೂತಿಯ ಮೇಲೆ ಬಿಸಾಡಿದ. ಅದು ಜಾರಿ ನೆಲಕ್ಕೆ ಬಿತ್ತು. ಅಯ್ಯಪ್ಪ ಬಗ್ಗಲು ಹೋದ. ದುರುಗವ್ವ ಅವನ ರಟ್ಟೆ ಹಿಡಿದಳು. ಮಂದಿ ಅಲ್ಲೇ ನಿಂತು ಕಾದರು. ಕೊನೆಗೆ ಗೌಡನೇ ಬಗ್ಗಿ ಎತ್ತಿ, ಧೂಳು ಒರೆಸಿ, ಅವನ ಕೈಗೆ ಕೊಟ್ಟ.

"ತಪ್ಪಾತು. ನಾಳಿಂದ ಬಾ. ಹಸಿ ಆರಾಕತೈತಿ."

ಅಯ್ಯಪ್ಪ ರಾಜಾಬೀಯ ಕೈಯಿಂದ ಪಾನಾ ತೆಗೆದುಕೊಂಡ. ಬಣ್ಣವನ್ನು ಪೂರ್ತಿ ಕೆರೆದು, ಪೆಟ್ಟಿಗೆ ಕೂಡಿಸಿ, ಎಂಜಿನ್ ಚಾಲೂ ಮಾಡಿದ. ಮುಳ್ಳು ಬಲಕ್ಕೆ ಹೋಗಿ ನಿಂತಿತು. ಎಂಜಿನ್ ಬಂದ್ ಮಾಡಿ, ಚಾವಿ ತೆಗೆದು ಗೌಡನ ಮುಂದೆ ಹಿಡಿದ.

"ಚಾರ್ಜ್ ಆಗತೈತ್ರಿ. ನಡಸವ್ರನ್ನ ಹುಡುಕ್ಕೋರಿ."

ಗೌಡ ಚಾವಿಯನ್ನು ಹುಲಗಪ್ಪನ ಕಡೆ ಚಾಚಿದ. ಹುಲಗಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡ.

"ನಾ ಒಲ್ಲೆ ಮಾವ. ನಾಳೆ ಇಂವನೂ ಉಪ್ಪು ಹಾಕ್ಯಾನ ಅಂತೀ."

ಗೌಡ ಮಂದಿಯ ಕಡೆ ತಿರುಗಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯತೊಡಗಿದ. ಕರೆಸಿಕೊಂಡವರು ಟವೆಲ್ ಕೊಡವಿಕೊಂಡು ಮನೆ ಕಡೆ ನಡೆದರು.