ಪ್ರಸಾರವಾಗದ ದೃಶ್ಯವನ್ನು ಬೈದವಳು

ಕುರೆಹಾಶಿ ತಲೆಯೆತ್ತಿ ಅವಳನ್ನೇ ನೋಡಿದ. ಆ ಒಂದು ನೋಟಕ್ಕೆ ಮಿನೊ ಚಿಗುಸಾಳ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ, ಕಿಟಕಿಯಾಚೆ ಹೋಗುತ್ತಿದ್ದ ರೈಲಿನ ಸದ್ದು ನಾಚಿ ಅಡಗಿತು!

ಅವನು ಅವರ ಸ್ಟುಡಿಯೋದ ಆ್ಯಕ್ಷನ್ ಅನಿಮೆಗೆ, ಅಂದರೆ ಟಿವಿಯ ಕಾರ್ಟೂನ್ ಧಾರಾವಾಹಿಗೆ, ಹೊಸದಾಗಿ ಬಂದ ನಿರ್ದೇಶಕ. ಅವಳು ಚಿತ್ರ ತಿದ್ದುವವಳು. ಇದುವರೆಗೆ ಮುಖಾಮುಖಿ ಮಾತಾಡಿದವರಲ್ಲ. ಇಬ್ಬರ ನಡುವೆ ಓಡಾಡುತ್ತಿದ್ದುದು ತಿದ್ದುಪಡಿಯ ಹಳದಿ ಹಾಳೆಗಳು ಮಾತ್ರ. ಒಮ್ಮೆ ಅವನು ಹಾಳೆಯ ಅಂಚಿನಲ್ಲಿ ಅವಳ ಗೆರೆಯನ್ನು ಹೊಗಳಿದ್ದ. ಅಂದು ಚಿಗುಸಾ ಟೋಕಿಯೋದ ಸುಗಿನಾಮಿ ಬಡಾವಣೆಯ ಮನೆಗಳ ಮೇಲೆ ತೇಲಿಕೊಂಡೇ ಊಟಕ್ಕೆ ಹೋಗಿದ್ದಳು. ನಂಬದಿದ್ದರೆ ಅಲ್ಲಿನ ಕಾಗೆಗಳನ್ನು ಕೇಳಿ.

ಇಂದು ತೇಲುವುದಿರಲಿ, ಉಸಿರಾಡುವುದೂ ಕಷ್ಟ...

ನಿರ್ಮಾಪಕ ಒನೊದೆರಾ ಎಲ್ಲರನ್ನೂ ಕೂರಿಸಿಕೊಂಡು, ಯಾರೋ ಹೆಸರು ಮರೆಮಾಚಿ ಅಂತರ್ಜಾಲದಲ್ಲಿ ಹಾಕಿದ ವಿಮರ್ಶೆಯನ್ನು ಓದುತ್ತಿದ್ದ. ತಿಂಗಳಿಂದ ಒಂದೇ ಹೊಡೆದಾಟ, ಕಥೆ ಕೆಸರಿಗೆ ಸಿಕ್ಕ ಗಾಡಿ. ಸೋಲುವ ಹೊತ್ತಿಗೆ ಸರಿಯಾಗಿ ನಾಯಕನಿಗೆ ಆಕಾಶದಿಂದ ಹೊಸ ಶಕ್ತಿ. ನಲವತ್ತರ ಹೆಣ್ಣು ಸೇನಾಪತಿ ತಂಗಿಯ ಹೆಣದ ಮುಂದೆ ಮಂಡಿಯೂರಿ ಅಳುತ್ತಿದ್ದರೆ, ನಾಚಿಕೆಗೆಟ್ಟ ನಿರ್ದೇಶಕನ ಕ್ಯಾಮೆರಾ ಮುಖ ಬಿಟ್ಟು ಅವಳ ತೊಡೆ ಸುತ್ತುತ್ತದೆ. ನೋಡುವವರ ಚಪಲ ತೀರಿಸುವುದೇ ಕಸುಬಾದರೆ, ಪಾಪ, ಆ ತಂಗಿಯನ್ನು ಕೊಂದದ್ದಾದರೂ ಯಾಕೆ?

ಓದಿ ಮುಗಿಸಿ ಒನೊದೆರಾ ತಣ್ಣಗೆ ಹೇಳಿದ.

"ತೊಡೆಯ ಆ ದೃಶ್ಯ ಪ್ರಸಾರವೇ ಆಗಿಲ್ಲ. ಕೊನೇ ಗಳಿಗೆಯಲ್ಲಿ ಚಾನೆಲ್‌ನವರು ಕತ್ತರಿಸಿದ್ರು. ಅದನ್ನ ನೋಡಿರೋರು ಈ ಕೋಣೆಯವರು ಮಾತ್ರ."

ಚಿಗುಸಾಳ ರಕ್ತ ಹೆಪ್ಪುಗಟ್ಟಿತು. ಅವಳು ಆ ಕಂತನ್ನು ಟಿವಿಯಲ್ಲಿ ನೋಡಿರಲೇ ಇಲ್ಲ! ಸ್ಟುಡಿಯೋದವರಿಗಾಗಿ ನಡೆಯುವ ಮೊದಲ ಪ್ರದರ್ಶನದಲ್ಲಿ ನೋಡಿದ್ದಷ್ಟೇ. ಸಿಟ್ಟನ್ನು ಕುದಿಸಿಕೊಂಡಿದ್ದು, ಪ್ರಸಾರವಾದ ಮರುದಿನ ಬರೆದು ಹಾಕಿದ್ದಳು. ದಿನವಿಡೀ ತಿದ್ದಿದ್ದನ್ನೇ ಮನೆಗೆ ಹೋಗಿ ಮತ್ತೆ ನೋಡುವ ತಾಳ್ಮೆ ಈ ಕಸುಬಿನಲ್ಲಿ ಯಾರಿಗಿದೆ?

 

ಸಿಕ್ಕಿಬಿದ್ದವರು ಇಲ್ಲಷ್ಟೇ ಅಲ್ಲ, ಯಾವ ಸ್ಟುಡಿಯೋದಲ್ಲೂ ಪೆನ್ಸಿಲ್ ಹಿಡಿಯದಂತೆ ಮಾಡುತ್ತೇನೆ ಎಂದ ಒನೊದೆರಾ. ಅವನ ಕಣ್ಣು ಬಣ್ಣ ಹಚ್ಚುವ ಹಿರಿಯ ಹೆಂಗಸು ಹತ್ಸುಯೊ ಮೇಲೆ ಬಂದು ನಿಂತಿತು. ಇಂಥ ದೃಶ್ಯಗಳಿಗೆ ಬಾಯಿಬಿಟ್ಟು ಗೊಣಗುತ್ತಿದ್ದವರು ಅವರೊಬ್ಬರೇ.

'ಸುಮ್ಮನಿದ್ರೆ ನಾನು ಉಳ್ಕೋತೀನಿ... ಆದ್ರೆ ಅವರು?'

ಕುರೆಹಾಶಿ ಇನ್ನೂ ಅವಳನ್ನೇ ನೋಡುತ್ತಿದ್ದ. ನುಂಗಿಬಿಡುವಂಥ ನೋಟ. 'ಇವನಿಗೆ ಗೊತ್ತಾಗಿದೆ. ಇನ್ನೇನು ಹೇಳಿಬಿಡ್ತಾನೆ...'

ಚಿಗುಸಾ ಎದ್ದಳು. "ಬರೆದದ್ದು ನಾನು."

ಮೇಜಿನಾಚೆ ಇನ್ನೊಂದು ಕುರ್ಚಿ ಸರಿಯಿತು. ಕುರೆಹಾಶಿಯೂ ಎದ್ದಿದ್ದ.

"ಕತ್ತರಿಸಿದ್ದು ಚಾನೆಲ್‌ನವರಲ್ಲ, ನಾನು. ಆ ದೃಶ್ಯಕ್ಕೆ ನನಗೇ ನಾಚಿಕೆಯಾಗಿ, ನಿಮ್ಮನ್ನ ಕೇಳದೆ ಕತ್ತರಿಸಿದೆ. ಇವರನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿ."

ಮುಂದಿನ ಕಂತು ಅರ್ಧವೂ ಆಗಿರಲಿಲ್ಲ. ಇವರಿಬ್ಬರೂ ಹೋದರೆ ಆ ವಾರ ಒನೊದೆರಾನೇ ಕತ್ತಿ ಹಿಡಿದು ಟಿವಿಯಲ್ಲಿ ಕುಣಿಯಬೇಕಿತ್ತು. ಅವನು ಹಲ್ಲು ಕಡಿದ, ಇನ್ನೊಮ್ಮೆ ಹೀಗಾದರೆ ನೋಡಿಕೊಳ್ಳುತ್ತೇನೆ ಎಂದ, ಬಾಗಿಲು ಬಡಿದು ಹೋದ.

ಮೆಟ್ಟಿಲ ಬಳಿ ಕುರೆಹಾಶಿ ನಾಣ್ಯ ಹಾಕುವ ಯಂತ್ರದಿಂದ ಬಿಸಿ ಕಾಫಿಯ ಡಬ್ಬಿ ತೆಗೆದು ಅವಳ ಕೈಗಿಟ್ಟ.

"ನಾನೇ ಅಂತ ಗೊತ್ತಿತ್ತಾ?"

"ನಾನು ಕಳಿಸೋ ಪ್ರತಿ ಚಿತ್ರದಲ್ಲೂ ಲಂಗ ಎರಡು ಬೆರಳು ಕೆಳಗಿಳಿಸಿ ವಾಪಸ್ ಕೊಡೋರು ಬೇರೆ ಯಾರಿದ್ದಾರೆ, ಮಿನೊ-ಸಾನ್?"

"ಅದಕ್ಕೇ ಹಾಗೆ ಗುರಾಯಿಸಿದ್ರಾ?"

"ಗುರಾಯಿಸಲಿಲ್ಲ. ಎದ್ದು ನಿಲ್ಲಬೇಡಿ ಅಂತ ಬೇಡ್ಕೋತಿದ್ದೆ."

ಅವನು ಫೋನಿನಲ್ಲಿ ಪ್ರಸಾರವಾದ ಆ ದೃಶ್ಯ ಹಾಕಿದ. ತೊಡೆ ಇರಲಿಲ್ಲ. ಪರದೆ ತುಂಬ ಆ ಸೇನಾಪತಿಯ ಮುಖ... ದನಿಯಿಲ್ಲದೆ ಅಳುತ್ತಿತ್ತು. ಚಿಗುಸಾಳ ಕಣ್ಣಲ್ಲಿ ಬಂದ ನೀರಿಗೆ ಟೋಕಿಯೋ ಕೊಲ್ಲಿಯ ಮಟ್ಟ ಒಂದು ಗೇಣು ಏರಿರಬೇಕು.

"ಈಗ ಏನು ಬರೀತೀರಾ?"

"ಭಯ ಆಗ್ತಿದೆ."

"ಇನ್ನೂ ಯಾಕೆ?"

"ಇನ್ಮೇಲೆ ನಿಮ್ಮನ್ನ ಬೈಯೋಕೆ ಮನಸ್ಸೇ ಬರಲ್ಲವೇನೋ ಅಂತ..."

ಅವನ ಕಿವಿ ಕೆಂಪಾಯಿತು. ಮೊದಲ ಬಾರಿಗೆ ಮಿನೊ ಎಂಬ ಮನೆತನದ ಹೆಸರು ಬಿಟ್ಟು, ಅವಳ ಹೆಸರನ್ನೇ ಹಿಡಿದು ಕರೆದ.

"ಬೈಯಿರಿ, ಚಿಗುಸಾ-ಸಾನ್. ಆದ್ರೆ ದೂರದಿಂದ ಬೇಡ. ಪಕ್ಕದಲ್ಲೇ ಕೂತು ಬೈಯಿರಿ."