ಹೆಸರಿನ ಮುಂದಿನ ಅಕ್ಷರ

ಅರಿಶಿನದಲ್ಲಿ ಅದ್ದಿದ ಗೋದಾಳ ಬೆರಳು ಲಗ್ನಪತ್ರಿಕೆಯ ಮೂಲೆ ಮುಟ್ಟುವಷ್ಟರಲ್ಲಿ ಶ್ರೀಹರಿ ಅದನ್ನು ಅವಳ ಕೈಯಿಂದ ಕಿತ್ತುಕೊಂಡ.

“ಬಣ್ಣ ಸರಿ ಬಂದಿಲ್ಲ ಅಮ್ಮಾ. ನಾಳೆ ಬೇರೆ ಕೊಡ್ತೀವಿ,” ಎಂದ, ವರನ ತಾಯಿ ಸರಸ್ವತಮ್ಮನಿಗೆ. ನಗುನಗುತ್ತಲೇ.

ಗೋದಾಳ ಮೈ ಉರಿಯಿತು. ಚಾಮರಾಜಪೇಟೆಯ ಈ ಪ್ರೆಸ್ಸಿನಲ್ಲಿ ಅವನು ಡಿಸೈನ್ ಮಾಡುತ್ತಾನೆ, ಅವಳು ಪ್ರೂಫ್ ನೋಡುತ್ತಾಳೆ. ಗಂಡ ಹರೆಯದಲ್ಲೇ ತೀರಿಹೋದಮೇಲೆ ಅರಿಶಿನದ ಬಟ್ಟಲನ್ನು ಯಾರೂ ಅವಳ ಮುಂದೆ ಹಿಡಿದಿರಲಿಲ್ಲ. ಇವತ್ತು ಸರಸ್ವತಮ್ಮ, ಏನೂ ತಿಳಿಯದೆ, “ಮೊದಲನೇದಕ್ಕೆ ನೀನೇ ಹಚ್ಚಮ್ಮ” ಅಂದಿದ್ದರು. ಇವನಿಗೆ ತಿಳಿದಿತ್ತಲ್ಲ!

ಸರಸ್ವತಮ್ಮ ಮೆಟ್ಟಿಲಿಳಿದದ್ದೇ ತಡ, ಗೋದಾ ಅವನ ಮೇಲೆ ತಿರುಗಿಬಿದ್ದಳು.

“ವಿಧವೆ ಮುಟ್ಟಿದ್ರೆ ಮದುವೆ ಕೆಡತ್ತೇನ್ರೀ?”

“ಅಯ್ಯೋ, ಅದಲ್ಲ ಗೋದಾ...”

“ದಿನಾ ನನ್ನ ನೋಡಿ ನಗೋದು, ಕಾಫಿ ತಂದಿಡೋದು. ಎಲ್ಲಾ ‘ಪಾಪ’ ಅಂತ ತಾನೇ?”

“ಕಾಫೀಲೂ ತಪ್ಪು ಹುಡುಕ್ತೀರಲ್ರೀ!”

“ನಗಬೇಡಿ! ಕೊಡಿ ಇಲ್ಲಿ.”

ಅವನು ಪತ್ರಿಕೆಯನ್ನು ಬೆನ್ನ ಹಿಂದೆ ಹಿಡಿದ. “ಬೇಡ. ನನ್ನ ಕೈತಪ್ಪು. ನಾನೇ ತಿದ್ತೀನಿ.”

ಅವಳು ಕಸಿದುಕೊಂಡಳು.

ದಿ|| ನಾರಾಯಣಪ್ಪನವರ ಮೊಮ್ಮಗ ದಿ|| ಅಭಿನಂದನ್.

ವರನ ಹೆಸರಿನ ಮುಂದೆ, ಚಿರಂಜೀವಿಯ ‘ಚಿ’ ಇರಬೇಕಾದಲ್ಲಿ, ದಿವಂಗತದ ‘ದಿ’. ಪ್ರೂಫ್ ನೋಡಿ ಸರಿ ಅಂದವಳು ಅವಳೇ. ಒಂದು ಕಾಮಾವನ್ನೂ ಬಿಡದ ಕಣ್ಣು ಇಲ್ಲಿ ಎಡವದೆ ದಾಟಿತ್ತು. ಹರೆಯದ ಗಂಡಸಿನ ಹೆಸರಿಗೆ ಆ ಅಕ್ಷರವೇ ಸರಿ ಅನ್ನುವಂತೆ.

ಸಿಟ್ಟು ಇಳಿಯಲಿಲ್ಲ. ಯಾರ ಮೇಲೆ ಹೋಗಬೇಕೆಂದು ಅದಕ್ಕೇ ತಿಳಿಯಲಿಲ್ಲ.

“ನಿಮ್ಮ ಕಣ್ಣಿಗೆ ಹೇಗೆ ಬಿತ್ತು?”

“ನೀವು ಓದಿದ್ದನ್ನೆಲ್ಲ ನಾನು ಇನ್ನೊಂದ್ಸಲ ಓದ್ತೀನಿ. ಇವತ್ತು ತಡ ಆಯ್ತು.” ಈ ಸಲ ಅವನು ನಗಲಿಲ್ಲ. “ತಪ್ಪು ಹುಡುಕೋಕಲ್ಲ ರೀ. ನಿಮ್ಮ ಕಣ್ಣು ಓಡಾಡಿದ ಜಾಗ ಅಂತ.”

ಅವಳು ಕನಿಕರವೆಂದು ಇಷ್ಟು ದಿನ ದ್ವೇಷಿಸಿದ ನಗು ಇಲ್ಲದ ಆ ಮುಖ ಬರಿದಾಗಿತ್ತು. ಅದೂ ಸಿಟ್ಟು ತರಿಸಿತು.

ಕೆಂಪು ಪೆನ್ನು ತೆಗೆದು ‘ದಿ’ ಹೊಡೆದುಹಾಕಿ ‘ಚಿ’ ಬರೆದಳು. ಬೆರಳಿನ ಅರಿಶಿನ ಕಾಗದಕ್ಕೆ ಹತ್ತಿತು. ಆಮೇಲೆ ಅಂಚಿನಲ್ಲಿ, ಕಾಗದ ಹರಿಯುವಷ್ಟು ಒತ್ತಿ, ಇನ್ನೊಂದು ಹೆಸರು: ಚಿ|| ಶ್ರೀಹರಿ.

ಅವನತ್ತ ತಳ್ಳಿದಳು.

“ಈ ‘ಚಿ’ ಏನಾದ್ರೂ ತಪ್ಪಾಯ್ತೋ, ನಿಮ್ಮನ್ನ ಸುಮ್ನೆ ಬಿಡಲ್ಲ.”