ಇನ್ನೂರ ತೊಂಬತ್ತೊಂಬತ್ತು

"ನಗಬೇಡ, ಕಾಲು ಅಲ್ಲಾಡುತ್ತೆ," ಎಂದಳು ಲಿಂಡ್ಸಿ.

"ಕಚಗುಳಿ ಇಡೋಳು ನೀನು. ನಾನೇನು ಮಾಡ್ಲಿ?"

"ನಿನ್ನಂಥ ಕೋಣಕ್ಕೂ ಕಚಗುಳಿ ಆಗುತ್ತಾ?"

ಹೋಲ್‌ಕ್ರಾಫ್ಟ್ ರಗ್ಬಿ ಲೀಗ್ ಕ್ಲಬ್ಬಿನ ಫಿಸಿಯೋ ಕೋಣೆಯಲ್ಲಿ ಡ್ಯಾರಿಲ್ ಸೆಡನ್ ಕಾಲು ಚಾಚಿ ಮಲಗಿದ್ದ. ಹದಿನೆಂಟರಲ್ಲಿ ಈ ಕ್ಲಬ್ಬಿನ ಜರ್ಸಿ ತೊಟ್ಟವನಿಗೆ ಈಗ ಮೂವತ್ತಾರು. ಚೆಂಡು ಅವುಚಿಕೊಂಡು ಎದುರಾಳಿಗಳ ಗೋಡೆಗೆ ನುಗ್ಗುವುದೊಂದೇ ಅವನು ಕಲಿತ ಕೆಲಸ. ಭಾನುವಾರ ಆಡಿದರೆ ಅದು ಅವನ ಮುನ್ನೂರನೆಯ ಪಂದ್ಯ. ಆ ಕ್ಲಬ್ಬಿನಲ್ಲಿ ಅಷ್ಟು ಆಡಿದವರು ನಾಲ್ಕೇ ಜನ. ಅವರ ಹೆಸರುಗಳನ್ನು ಮೈದಾನಕ್ಕಿಳಿಯುವ ಓಣಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು.

ಕ್ಲಬ್ಬಿನ ಫಿಸಿಯೋ ಲಿಂಡ್ಸಿಯ ಬೆರಳುಗಳು ಅವನ ಮಂಡಿಯ ಒಳಬದಿಗೆ ಬಂದು ನಿಂತವು. ಅವಳ ತುಟಿಯಂಚಿನ ನಗುವೂ ಅಲ್ಲೇ ನಿಂತಿತು.

"ಭಾನುವಾರ ಬೇಡ ಡ್ಯಾರಿಲ್."

"ಒಂದೇ ಒಂದು ಪಂದ್ಯ ಕಣೇ."

"ಇನ್ನೊಂದು ಏಟು ಬಿದ್ರೆ ಮೆಟ್ಟಿಲು ಹತ್ತೋಕೂ ಆಗಲ್ಲ. ಕೋಚ್‌ಗೂ ಇದನ್ನೇ ಹೇಳ್ತೀನಿ."

ಅವಳು ಹೇಳಿಯೂ ಬಿಟ್ಟಳು. ಕೋಚ್ ಫೇರ್‌ಹರ್ಸ್ಟ್ ಅವನನ್ನು ಕರೆಸಿದಾಗ ಕೋಣೆಯಲ್ಲಿ ಇನ್ನಿಬ್ಬರು ಆಟಗಾರರಿದ್ದರು. ಗೋಡೆಯ ಮೇಲಿನ ಐದನೆಯ ಹೆಸರು ಕೈಜಾರುತ್ತಿದೆ ಎನ್ನಿಸಿ ಡ್ಯಾರಿಲ್‌ಗೆ ದಿಕ್ಕು ತೋಚಲಿಲ್ಲ. ನಾಲಿಗೆ ತಾನಾಗಿಯೇ ಹೊರಳಿತು.

"ಮಂಡಿಗೆ ಏನೂ ಆಗಿಲ್ಲ ಕೋಚ್. ಲಿಂಡ್ಸಿಗೆ ನನ್ನ ಮೇಲೆ ಒಂಥರಾ ಮನಸ್ಸು. ನಂಗೆ ಗೀರಿದ್ರೆ ಅವಳ ಕಣ್ಣಲ್ಲಿ ನೀರು. ಅಂಥವಳ ಮಾತು ಕೇಳಿ ನನ್ನ ಕೂರಿಸ್ತೀರಾ?"

ಇಬ್ಬರೂ ಹೋ ಎಂದು ನಕ್ಕರು. ಕೋಚ್ ಕೂಡ ನಕ್ಕರು. ಬಾಗಿಲ ಕಡೆ ತಿರುಗಿದವನೇ ಡ್ಯಾರಿಲ್ ಕಲ್ಲಾದ. ಐಸಿನ ಚೀಲ ಹಿಡಿದು ಲಿಂಡ್ಸಿ ನಿಂತಿದ್ದಳು.

ಅವಳು ಚೀಲವನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಮರುದಿನದಿಂದ ಅವನ ಕಾಲನ್ನು ಮುಟ್ಟುವುದಿಲ್ಲ ಎಂದಳು. ಹೊರಗಿನಿಂದ ಬಂದ ಇನ್ನೊಬ್ಬ ಫಿಸಿಯೋ, ಪಟ್ಟಿ ಬಿಗಿದರೆ ಆಡಬಹುದು ಎಂದ.

ತಮಾಷೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಓಣಿಯಲ್ಲಿ ಅವಳು ಬಂದರೆ ಹಿಂದಿನಿಂದ ಮುತ್ತಿನ ಸದ್ದು ಮಾಡುತ್ತಿದ್ದರು. "ನನ್ನ ತೊಡೆಗೂ ಸ್ವಲ್ಪ ಪ್ರೀತಿ ಹಚ್ಚು ಲಿಂಡ್ಸಿ!" ಎಂದೊಬ್ಬ ಕೂಗಿದ. ಯಾರಿಗೂ ಸೊಪ್ಪು ಹಾಕದ ಹುಡುಗಿ, ಮಾತಿಗೆ ಮಾತು ಕೊಟ್ಟು ನೀರಿಳಿಸುತ್ತಿದ್ದವಳು, ನೆಲ ನೋಡಿಕೊಂಡು ನಡೆದುಹೋದಳು. ಅದನ್ನು ಕಂಡ ಡ್ಯಾರಿಲ್ ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿದ. ಬಾಯಿ ಮುಚ್ಚಿರೋ ಎನ್ನಲೂ ಅವನಿಗೆ ಮುಖವಿರಲಿಲ್ಲ.

ಊರಿಗೆ ಇದೇನೂ ಗೊತ್ತಿಲ್ಲ. ಪಬ್ಬಿನ ಮುಂದೆ ಅವನ ಹೆಸರಿನ ಬಟ್ಟೆ ಕಟ್ಟಿದ್ದರು. ಮಾಂಸದ ಪೈ ಮಾರುವ ಅಂಗಡಿಯ ಮುದುಕಿ ದುಡ್ಡು ಮುಟ್ಟಲಿಲ್ಲ. "ಮುನ್ನೂರು ಹೊಡೆಯೋ ಮಗನ ಹತ್ರ ಕಾಸು ತಗೊಳ್ಳೋದಾ? ತಿನ್ನಪ್ಪ!" ಮೂಲೆ ತಿರುಗಿದ ಮೇಲೆ ಅವನು ಆ ಬಿಸಿ ಪೈಯನ್ನು ಯಾವುದೋ ಹುಡುಗನಿಗೆ ಕೊಟ್ಟ.

ಭಾನುವಾರ ಡ್ರೆಸಿಂಗ್ ರೂಮಿನಲ್ಲಿ ಎಲ್ಲರೂ ಸುತ್ತ ನಿಂತರು. ಎದೆಯ ಮೇಲೆ ಚಿನ್ನದ ದಾರದಲ್ಲಿ 300 ಎಂದು ಹೊಲಿದ ಜರ್ಸಿಯನ್ನು ಕೋಚ್ ಅವನ ಕೈಗಿತ್ತರು. ಚಪ್ಪಾಳೆ ಬಿತ್ತು. ಮೂಲೆಯಲ್ಲಿ ಲಿಂಡ್ಸಿ ಯಾರದೋ ಭುಜಕ್ಕೆ ಪಟ್ಟಿ ಸುತ್ತುತ್ತಿದ್ದಳು, ತಲೆ ಎತ್ತಲಿಲ್ಲ.

"ಇದನ್ನ ನಾನು ಹಾಕ್ಕೊಳ್ಳಲ್ಲ ಕೋಚ್," ಎಂದ ಡ್ಯಾರಿಲ್. "ನನ್ನ ಮಂಡಿ ಹೋಗಿದೆ. ಅವಳು ಹೇಳಿದ್ದೇ ನಿಜ. ಆಡಬೇಕು ಅನ್ನೋ ಆಸೆಗೆ ಅವಳ ಹೆಸರು ಹೇಳಿ ನಿಮ್ಮನ್ನೆಲ್ಲ ನಗಿಸಿದೆ. ಮನಸ್ಸಿರೋದು ಅವಳಿಗಲ್ಲ, ನಂಗೆ. ಆರು ವರ್ಷದಿಂದ."

ಯಾರೂ ನಗಲಿಲ್ಲ. ಲಿಂಡ್ಸಿ ಪಟ್ಟಿಯನ್ನು ಹಲ್ಲಿನಿಂದ ಹರಿದು, ಅಂಟಿಸಿ ಮುಗಿಸಿ ಹೊರನಡೆದಳು. ಡ್ಯಾರಿಲ್ ಕುಂಟುತ್ತ ಹಿಂದೆ ಹೋದ.

ಪ್ರೇಕ್ಷಕರ ಸ್ಟ್ಯಾಂಡಿನ ಹಿಂದೆ ಅವಳು ಗಕ್ಕನೆ ತಿರುಗಿದಳು. "ಏನು, ನಾನೂ ಚಪ್ಪಾಳೆ ಹೊಡೀಬೇಕಾ?"

"ಕ್ಷಮಿಸು ಅಂತ..."

"ಮೊನ್ನೆ ನನ್ನ ಕೇಳದೆ ನನ್ನ ವಿಷಯ ಅವರ ಬಾಯಿಗೆ ಹಾಕಿದೆ. ಇವತ್ತೂ ಅದನ್ನೇ ಮಾಡಿದೆ. ಸ್ವಲ್ಪ ಚೆಂದವಾಗಿ, ಅಷ್ಟೇ."

ಅವನ ಮುಖ ಕಿವಿಯವರೆಗೆ ಕಾದುಹೋಯಿತು. ದೊಡ್ಡ ತ್ಯಾಗ ಮಾಡಿದೆನೆಂದು ಒಳಗೊಳಗೇ ಉಬ್ಬಿದ್ದು ಅವನಿಗೇ ಗೊತ್ತಿತ್ತು.

"ಸುಳ್ಳು ಹೇಳಿ ನಿನ್ನ ಮರ್ಯಾದೆ ತೆಗೆದೆ, ಲಿಂಡ್ಸಿ."

"ಸುಳ್ಳಲ್ಲ ಕಣೋ. ಅದೇ ತೊಂದ್ರೆ." ಅವಳ ದನಿ ತಗ್ಗಿತು. "ನಂಗೆ ಮನಸ್ಸಿತ್ತು. ಅದು ಗೊತ್ತಿದ್ದಕ್ಕೇ ನಿನ್ನ ಮಂಡಿ ಸ್ಕ್ಯಾನನ್ನ ಬೇರೆ ಡಾಕ್ಟರಿಗೂ ತೋರಿಸಿದ್ದೆ. ನನ್ನ ಕಣ್ಣೇ ಮೋಸ ಮಾಡ್ತಿದೆಯಾ ಅಂತ. ಅಷ್ಟು ಜೋಪಾನವಾಗಿ ಇಟ್ಕೊಂಡಿದ್ದನ್ನ ನೀನು ಒಂದು ಪಂದ್ಯಕ್ಕೋಸ್ಕರ ಬೀದಿಗೆ ಎಸೆದೆ."

ಅವನು ನಿಂತಲ್ಲೇ ಕುಗ್ಗಿದ. ಒಳಗೆ ಮೈಕಿನಲ್ಲಿ ಡ್ಯಾರಿಲ್ ಸೆಡನ್ ಆಡುತ್ತಿಲ್ಲ ಎಂದು ಹೇಳಿದರು. ಇಡೀ ಮೈದಾನ ಒಮ್ಮೆಲೇ ನಿಟ್ಟುಸಿರಿಟ್ಟಿತು. ವಿಚಿತ್ರವೆಂದರೆ ಅದು ಅವನನ್ನು ತಾಕಲೇ ಇಲ್ಲ.

"ಇತ್ತು ಅಂದೆ. ಈಗ?"

"ಈಗ ಕೋಪ ಇದೆ. ಬೇಕಾದಷ್ಟಿದೆ." ಅವಳು ಔಷಧಿ ಚೀಲ ಹೆಗಲಿಗೇರಿಸಿದಳು. "ನಾಳೆ ಮನೆಗೆ ಬಾ. ಊರಿನ ಮುಂದೆ ಅಲ್ಲ, ನನ್ನೊಬ್ಬಳ ಮುಂದೆ ಹೇಳು. ಮೆಲ್ಲಗೆ. ಉತ್ತರ ಕೊಡೋದು ಬಿಡೋದು ನನ್ನಿಷ್ಟ."

ಮರುದಿನ ಅವಳ ಪುಟ್ಟ ಅಡುಗೆಮನೆಯಲ್ಲಿ ಅವನು ನೆಟ್ಟಗೆ ಕೂರಲಾರದೆ ಕಾಲು ಚಾಚಿ ಕೂತ. ಅವಳು ಚಹಾ ಬಗ್ಗಿಸಿದಳು, ಹಾಲು ಬೆರೆಸಿದಳು, ಎದುರು ಕೂತಳು. ಮೂರಾಳನ್ನು ಹೊತ್ತು ಓಡಿದ ದೇಹಕ್ಕೆ ಒಂದು ನೋಟವನ್ನು ಎತ್ತಿ ಹಿಡಿಯುವುದು ಕಷ್ಟವಾಯಿತು. ಮೇಜಿನ ಕಡೆ ನೋಡುತ್ತಲೇ ಆರು ವರ್ಷದ ಮಾತು ಹೇಳಿದ. ದನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಏನಂದೆ? ಕೇಳಿಸಲಿಲ್ಲ," ಎಂದಳು ಲಿಂಡ್ಸಿ.

ಅವನು ಕಣ್ಣೆತ್ತಿದ. ಅವಳ ಕಿವಿಗಳೆರಡೂ ಕೆಂಪಾಗಿದ್ದವು, ಎಲ್ಲವೂ ಕೇಳಿಸಿತ್ತು. ಈ ಸಲ ಅವಳ ಮುಖ ನೋಡಿಕೊಂಡೇ ಅವನು ಇನ್ನೊಮ್ಮೆ ಹೇಳಿದ.